ಹಗೇವಿನ ಬಾಯಲ್ಲಿ ಕರೆದ ಹೆಸರು

ಬಸ್ಸು ಬೀರೂರು ಸ್ಟೇಷನ್ ರಸ್ತೆಗೆ ತಿರುಗುವಾಗ ಈಗಲೂ ನಾನು ಪಕ್ಕದ ಸೀಟಿನ ಮೇಲೆ ಚೀಲ ಇಡುತ್ತೇನೆ. ಹತ್ತಿದವರು ಯಾರಾದರೂ "ಯಾರಾರ ಬತ್ತಾರೇನಣ್ಣಾ?" ಎಂದು ಕೇಳಿದ ಮೇಲೆ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಅಕ್ಕ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಕೈಗೆ ಅದಿನ್ನೂ ಗೊತ್ತಾಗಿಲ್ಲ.

ಅವರು ನನ್ನ ಒಡಹುಟ್ಟಿದವರಲ್ಲ. ನಾನು ಕಡೂರಿನ ಒಂದು ಡ್ರಾಮಾ ಸೀನರಿ ಅಂಗಡಿಯಲ್ಲಿ ಕೆಲಸಕ್ಕಿರುವವನು. ಹಳ್ಳಿಯಲ್ಲಿ ನಾಟಕ ಆಡುವವರಿಗೆ ಪರದೆ, ಕಿರೀಟ, ಉಡುಪು, ಲೈಟು ಬಾಡಿಗೆಗೆ ಕೊಡುವ ಅಂಗಡಿ. ಪರದೆ ಕಟ್ಟುವುದು, ಹೊತ್ತಿಗೆ ಸರಿಯಾಗಿ ಎಳೆಯುವುದು, ಬಿಡುವುದು ನನ್ನ ಕೆಲಸ. ಗಂಡು ಪಾರ್ಟುಗಳನ್ನು ಆಯಾ ಊರಿನ ಗಂಡಸರೇ ಕಲಿತು ಮಾಡುತ್ತಾರೆ. ಹೆಣ್ಣು ಪಾರ್ಟಿಗೆ ಹೊರಗಿನಿಂದ ಕಲಾವಿದೆಯರು ಬರಬೇಕು. ನಮ್ಮ ಮೂರು ತಾಲ್ಲೂಕಿನಲ್ಲಿ ರಾಣಿ ಎಂದರೆ ಅಕ್ಕನೇ. "ಯಾವ ಕಡೆ ರೈಲಿಗಾದ್ರೂ ಇಲ್ಲೇ ಹತ್ತಬೌದಲ್ಲೋ" ಎಂದು ಬೀರೂರಿನಲ್ಲಿ ಮನೆ ಮಾಡಿಕೊಂಡಿದ್ದರು. ಎರಡು ಕೋಣೆ, ಹಿಂದೆ ಒಂದು ನುಗ್ಗೆ ಮರ.

ಬಣ್ಣ ಹಚ್ಚಿಕೊಂಡ ಮೇಲೆ ಅವರು ನೆಲದ ಮೇಲೆ ಕೂರುತ್ತಿರಲಿಲ್ಲ, ಯಾರು ಏನು ಕೊಟ್ಟರೂ ತಿನ್ನುತ್ತಿರಲಿಲ್ಲ. ಬಣ್ಣ ತೊಳೆದ ಮೇಲೆ ಮಂಡಕ್ಕಿ ಪೊಟ್ಟಣ ಬಿಚ್ಚಿ ನಮಗೆಲ್ಲ ಹಂಚಿ, ಹಾರ್ಮೋನಿಯಂ ಮೇಷ್ಟರನ್ನು ಬೈಯಲು ಶುರು ಮಾಡುತ್ತಿದ್ದರು. "ನಿಮ್ಮ ಪೆಟ್ಟಿಗೆ ಮುಂದೆ ಓಡ್ತದೆ, ನಾನು ಹಿಂದೆ ಓಡ್ಬೇಕು. ನಾನೇನು ರಾಣೀನೋ ರೈಲಿನ ಹಿಂದೆ ಓಡೋ ಕಡ್ಲೇಕಾಯಿ ಮಾರೋಳೋ?" ಮೇಷ್ಟರು ನಗುತ್ತಲೇ ತಪ್ಪು ಒಪ್ಪಿಕೊಳ್ಳುತ್ತಿದ್ದರು.

ಚೌಳಹಿರಿಯೂರಿನಲ್ಲಿ ಒಮ್ಮೆ ರಾಜನಾಗಿದ್ದವನು ಪಂಪ್‌ಸೆಟ್ ರಿಪೇರಿ ಮಾಡುವವನು. ಸಭೆ ನೋಡಿ ಮಾತು ಮರೆತು ಕಂಬದ ಹಾಗೆ ನಿಂತುಬಿಟ್ಟ. ಅಕ್ಕ ಒಂದು ಸುತ್ತು ಬಂದು, "ಪ್ರಭುಗಳು ಸುಮ್ಮನಿರುವುದು ನೋಡಿದರೆ, 'ದೇವೀ, ಶತ್ರು ಕೋಟೆಯ ಬಾಗಿಲಿಗೆ ಬಂದಿದ್ದಾನೆ' ಎಂಬ ಕೆಟ್ಟ ಸುದ್ದಿಯನ್ನು ನನಗೆ ಹೇಳಲು ಮನಸ್ಸಿಲ್ಲವೆಂದು ತೋರುತ್ತದೆ" ಎಂದರು. ರಾಜನಿಗೆ ಜೀವ ಬಂತು. "ಹೌದು ದೇವೀ, ಹೌದು!" ಎಂದು ಕೂಗಿದ. ಆಮೇಲೆ ಸೈಡಿಗೆ ಬಂದು ಕಾಲಿಗೆ ಬಿದ್ದವನಿಗೆ ಅಕ್ಕ ಹೇಳಿದ್ದು, "ಏಳೋ ಮಾರಾಯ, ಕಿರೀಟ ಬಾಡಿಗೇದು, ನೆಲಕ್ಕೆ ತಾಗಿಸ್ಬ್ಯಾಡ."

ಅಂದು ಆಡಿದ್ದೂ, ಅಕ್ಕ ಜೀವನಪೂರ್ತಿ ಆಡಿದ್ದೂ ಹೆಚ್ಚಾಗಿ ಒಂದೇ ನಾಟಕ. ನಮ್ಮ ಕಡೆ ಅದನ್ನು ಹಗೇವಿನ ನಾಟಕ ಎನ್ನುತ್ತಾರೆ. ತಾತನ ಕಾಲದಿಂದ ಇದೆ. ಹಗೇವು ಎಂದರೆ ಹಿಂದಿನವರು ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಶತ್ರು ಬಂದಾಗ ರಾಜ ತನ್ನ ಒಬ್ಬಳೇ ಮಗಳು ಹೇಮಾವಳಿಯನ್ನು ಖಾಲಿ ಹಗೇವಿನಲ್ಲಿ ಬಚ್ಚಿಟ್ಟು ಕಲ್ಲು ಮುಚ್ಚಿಸುತ್ತಾನೆ. ರಾಣಿಗೂ ಹೇಳುವುದಿಲ್ಲ. ಮಾರನೆಯ ದಿನ ಯುದ್ಧದಲ್ಲಿ ಸಾಯುತ್ತಾನೆ. ಕೊನೆಯ ದೃಶ್ಯದಲ್ಲಿ ಗುಟ್ಟು ತಿಳಿದ ರಾಣಿ ಓಡಿ ಬಂದು, ಕಲ್ಲು ಸರಿಸಿ, ಆ ಕತ್ತಲೆಯೊಳಗೆ ಮಗಳನ್ನು ಮೂರು ಸಲ ಕರೆಯುತ್ತಾಳೆ. ಒಳಗಿನಿಂದ ಉತ್ತರ ಬರುವುದಿಲ್ಲ. ಮೂರನೆಯ ಕರೆಗೆ ನಾನು ಪರದೆ ಬಿಡಬೇಕು.

ಅಕ್ಕನ ಮೊದಲನೆಯ ಕರೆ ಬೈಯುವ ಹಾಗಿರುತ್ತಿತ್ತು. ಎರಡನೆಯದು ಊಟಕ್ಕೆ ಕರೆಯುವ ಹಾಗೆ. ಮೂರನೆಯದು ಹೇಗಿರುತ್ತಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ಅದು ಕೇಳಿದೊಡನೆ ನನ್ನ ಕೈ ತಾನಾಗಿ ಹಗ್ಗ ಬಿಡುತ್ತಿತ್ತು.

ಈ ದೃಶ್ಯಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಉಂಟು. ತಾಲೀಮಿನಲ್ಲಿ ಆ ಹೆಸರು ಕರೆಯುವಂತಿಲ್ಲ. ಸತ್ತ ಮಗುವನ್ನು ಸುಮ್ಮಸುಮ್ಮನೆ ಕರೆದರೆ ಯಾವುದೋ ಮನೆಯ ಮಗುವಿಗೆ ಅದು ತಟ್ಟುತ್ತದೆ ಎಂಬ ಅಂಜಿಕೆ. ಹಾಗಾಗಿ ಎಷ್ಟು ವಾರ ತಾಲೀಮು ನಡೆದರೂ ಆ ಜಾಗಕ್ಕೆ ಬಂದಾಗ ಕಲಾವಿದೆ ಬಾಯಿ ತೆರೆಯುತ್ತಾಳೆ, ತಡೆಯುತ್ತಾಳೆ, ಅಂಗೈಯನ್ನು ಎದುರಿಗೆ ಏನಿದೆಯೋ ಅದಕ್ಕೆ ಮುಟ್ಟಿಸಿ ತಲೆ ಬಗ್ಗಿಸುತ್ತಾಳೆ. ಕ್ಷಮೆ ಕೇಳಿದ ಲೆಕ್ಕ. ನಾಟಕದ ದಿನ ಮಾತ್ರ ಕರೆ.

ಅಕ್ಕನಿಗೆ ಈ ಅಂಜಿಕೆ ಬೇರೆಯವರಿಗಿಂತ ಹೆಚ್ಚು, ಏಕೆಂದರೆ ತಮ್ಮ ಮಗಳಿಗೆ ಅವರು ಇಟ್ಟದ್ದೇ ಹೇಮಾವಳಿ ಎಂಬ ಹೆಸರು. ಗಂಡ ಬಿಟ್ಟು ಹೋಗಿದ್ದ. ಹೇಮಿ ಸೈಡ್ ವಿಂಗಿನಲ್ಲಿ, ಉಡುಪಿನ ಟ್ರಂಕಿನ ಮೇಲೆ ಮಲಗಿ ಬೆಳೆದ ಮಗು. ತಾಯಿಯ ಮೂರನೆಯ ಕರೆಗೆ ಕೆಲವೊಮ್ಮೆ ನಿದ್ದೆಗಣ್ಣಲ್ಲೇ "ಆಂ?" ಎನ್ನುತ್ತಿದ್ದಳು. ಆಗ ನಾನು ಅವಳ ಬಾಯಿ ಮುಚ್ಚಬೇಕಿತ್ತು.

ಹೇಮಿ ಬೆಳೆದು ಓದಿದ ಮೇಲೆ ಅರಸೀಕೆರೆಯ ಒಳ್ಳೆಯ ಮನೆತನದಿಂದ ಸಂಬಂಧ ಬಂದಾಗ, ಡ್ರಾಮಾದವಳ ಮಗಳು ಎಂದರೆ ಅವರು ಒಪ್ಪುವವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಕ್ಕನೇ ಹೇಳಿದರು, "ತಾಯಿ ಇಲ್ಲ ಅಂತ ಹೇಳ್ರಿ. ನನ್ ತಂಗಿ, ಅವಳ ಚಿಕ್ಕಮ್ಮ, ನಿಂತು ಧಾರೆ ಎರೀಲಿ." ಹೇಮಿ ಅತ್ತಳು, ಜಗಳ ಆಡಿದಳು, ಕೊನೆಗೆ ಹೋದಳು. ಗಂಡನ ಮನೆಯಲ್ಲಿ ಅವಳಿಗೆ ಸುಮಾ ಎಂದು ಹೊಸ ಹೆಸರಿಟ್ಟರು. ಮೊದಮೊದಲು ಕದ್ದು ಫೋನು ಬರುತ್ತಿತ್ತು. ಒಂದು ಸಲ ಏನೋ ಮಾತಿಗೆ ಮಾತು ಬೆಳೆದು ಅಕ್ಕ, "ಸತ್ತೋಳಿಗೆ ಯಾಕವ್ವಾ ಫೋನ್ ಮಾಡ್ತೀಯ?" ಎಂದುಬಿಟ್ಟರು. ಫೋನು ನಿಂತುಹೋಯಿತು. ಬೀರೂರಿನಿಂದ ಅರಸೀಕೆರೆಗೆ ರೈಲಿನಲ್ಲಿ ಒಂದು ನಿದ್ದೆಯ ದಾರಿಯೂ ಇಲ್ಲ. ಅಕ್ಕ ಆ ಕಡೆಯ ಬುಕಿಂಗ್ ಬಂದರೆ ಒಪ್ಪಿಕೊಳ್ಳುತ್ತಿರಲಿಲ್ಲ.

ಹಗೇವಿನ ನಾಟಕವನ್ನು ಸಿನಿಮಾದವರು ಎರಡು ಸಲ ತೆಗೆದರು. ಮೊದಲನೆಯದು ದೊಡ್ಡ ದುಡ್ಡಿನ ಸಿನಿಮಾ. ಕಡೂರಿನ ಟಾಕೀಸಿಗೆ ನಾವು ನಾಟಕದವರೆಲ್ಲ ಗುಂಪು ಕಟ್ಟಿಕೊಂಡು ಹೋದೆವು. ರಾಜ ಅಂಗಿ ಇಲ್ಲದೆ ಓಡಾಡುತ್ತಿದ್ದ. ಕಂಪ್ಯೂಟರಿನಲ್ಲಿ ಮಾಡಿದ ಆನೆಗಳು ಕಂಪ್ಯೂಟರಿನಲ್ಲಿ ಮಾಡಿದ ಕೋಟೆಯನ್ನು ಒಡೆಯುತ್ತಿದ್ದವು. ಹಗೇವಿನೊಳಗೆ ರಾಜಕುಮಾರಿ ಕೂತಿದ್ದರೆ ಸುತ್ತ ದೀಪಗಳು, ಒಂದು ಹಾಡು.

"ಅಯ್ಯೋ, ಹಗೇವಿಗೆ ಕರೆಂಟು ಎಳೆದವ್ರೆ ಕಣೋ!" ಎಂದು ಅಕ್ಕ ಗಟ್ಟಿಯಾಗಿ ನಕ್ಕರು. ಕೊನೆಯಲ್ಲಿ ಮಗಳು ಬದುಕಿ ಹೊರಗೆ ಬಂದಳು. ತಾಯಿ ಕರೆಯುವ ಪ್ರಮೇಯವೇ ಬರಲಿಲ್ಲ. ಹೊರಗೆ ಟೀ ಕುಡಿಯುವಾಗ ಅಕ್ಕನ ನಗು ನಿಂತಿತ್ತು. "ಬದುಕಿದ್ಲಲ್ಲ, ಬುಡು," ಎಂದರು. "ಯಾರೋ ಒಬ್ರು ಬದುಕಿಸಿದ್ರಲ್ಲ."

ಎರಡನೆಯ ಸಿನಿಮಾ ಮಾಡಲು ಬಂದವನು ತೆಳ್ಳನೆಯ ಯುವಕ, ಓದಿದವನು, ಮಾತು ಕಡಿಮೆ. ನಾಟಕಗಳನ್ನು ನೋಡಲು ನಮ್ಮ ಜೊತೆಯೇ ಊರೂರು ಸುತ್ತಿದ. ಅಮೃತಾಪುರದಲ್ಲಿ ಅಕ್ಕನ ಕರೆ ಕೇಳಿ ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದೇನೆ. ಅವನು ಕಥೆಯನ್ನು ಈ ಕಾಲಕ್ಕೆ ತಂದಿದ್ದ. ರಾಜ ಈಗ ಅಜ್ಜಂಪುರದ ಒಬ್ಬ ದೊಡ್ಡ ಈರುಳ್ಳಿ ವ್ಯಾಪಾರಿ. ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಾಳೆಂದು ತಿಳಿದು ಅವಳನ್ನು ಗೋಡೌನಿನಲ್ಲಿ ಕೂಡಿ ಹಾಕುತ್ತಾನೆ. ಹಗೇವಿನ ಕಲ್ಲಿನ ಜಾಗದಲ್ಲಿ ತಗಡಿನ ಶಟರು. ತಾಯಿಯ ಪಾರ್ಟು ಅಕ್ಕನಿಗೆ.

"ಹೆಸರು ಮಾತ್ರ ಬದಲಾಯಿಸ್ಬ್ಯಾಡಪ್ಪಾ," ಎಂದು ಅಕ್ಕ ಕೇಳಿಕೊಂಡರು.

"ಇಲ್ಲಮ್ಮ, ಹೇಮಾವಳಿ ಅಂತಲೇ ಇರುತ್ತೆ," ಎಂದ.

ಅಂದು ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು. "ನಾಟ್ಕಕ್ಕೆ ಅವ್ಳು ಬರೋ ಹಂಗಿಲ್ಲ. ಸಿನಿಮಾಕ್ಕೆ ಯಾರು ಬೇಕಾದ್ರೂ ಹೋಗ್ಬೌದು. ಕತ್ಲಲ್ಲಿ ಕೂತ್ಕಂಡು ನೋಡ್ಬೌದು. ನಾನು ಕರೆಯೋದು ಅವಳ ಕಿವಿಗೆ ಬಿದ್ರೆ ಸಾಕು ಕಣೋ. ಅಮ್ಮ ಸಿಟ್ಟು ಬಿಟ್ಟವ್ಳೆ ಅಂತ ಗೊತ್ತಾಯ್ತದೆ."

ಅವರು ಸಿನಿಮಾಕ್ಕೆ ಒಪ್ಪಿದ್ದು ಇಷ್ಟಕ್ಕೇ.

ಶೂಟಿಂಗಿನ ದಿನ ನಾನೂ ಅಜ್ಜಂಪುರಕ್ಕೆ ಹೋಗಿದ್ದೆ. ಗೋಡೌನಿನ ಮುಂದೆ ಅಕ್ಕ ಮಾಸಿದ ನೂಲಿನ ಸೀರೆಯಲ್ಲಿ ನಿಂತಿದ್ದರು. ನಿರ್ದೇಶಕ, "ಅಮ್ಮ, ಸುಮ್ನೆ ಒಂದು ರಿಹರ್ಸಲ್ ನೋಡೋಣ," ಎಂದ. ಅಕ್ಕ ಓಡಿ ಬಂದರು, ಶಟರಿನ ಮುಂದೆ ನಿಂತರು, ಬಾಯಿ ತೆರೆದರು, ತಡೆದರು, ಅಂಗೈಯನ್ನು ತಗಡಿಗೆ ಮುಟ್ಟಿಸಿ ತಲೆ ಬಗ್ಗಿಸಿದರು. ನಮ್ಮ ತಾಲೀಮಿನ ಕಟ್ಟಳೆ. ಕ್ಯಾಮೆರಾ ಓಡುತ್ತಿತ್ತೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ನಿಜವಾದ ಟೇಕು. ಅಕ್ಕ ಕರೆದರು. ಆಚೆ ಬೀದಿಯಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದವರು ಮೂಟೆ ಇಳಿಸಿ ನಿಂತರು. ಹಗ್ಗವಿಲ್ಲದ ನನ್ನ ಕೈ ಗಾಳಿಯನ್ನು ಬಿಟ್ಟಿತು. "ಇನ್ನೊಂದು," ಎಂದ ನಿರ್ದೇಶಕ. ಆ ಮೂರು ಕರೆ ಮುಗಿದ ಮೇಲೆ ಅದೇ ದಿನ ಮತ್ತೆ ಆ ಹೆಸರು ಕರೆದವರನ್ನು ನಾನು ಕಂಡಿಲ್ಲ. ಅಕ್ಕ ಕರೆದರು. "ಇನ್ನೊಂದು, ಸ್ವಲ್ಪ ಕಮ್ಮಿ ಮಾಡಿ ಅಮ್ಮ." ಕರೆದರು. ಗಂಟಲು ಒಡೆಯುವವರೆಗೂ ಕರೆದರು. ನಾನು ನೀರು ಕೊಟ್ಟು, "ಸಾಕು ಬುಡಕ್ಕ, ಕಟ್ಟಳೆ ಮುರೀತಾ ಇದೀಯ," ಎಂದರೆ, "ಮುರೀಲಿ. ಒಂದಾದ್ರೂ ಸರಿಯಾಗಿ ಅವಳಿಗೆ ಮುಟ್ಬೇಕು," ಎಂದು ಮತ್ತೆ ಎದ್ದರು.

ಸಿನಿಮಾ ತರೀಕೆರೆಯಲ್ಲೂ ಕಡೂರಿನಲ್ಲೂ ಬಿಡುಗಡೆಯಾಯಿತು. ತರೀಕೆರೆಯ ಮೊದಲ ಮ್ಯಾಟಿನಿಗೆ ನಾವಿಬ್ಬರೂ ಹೋದೆವು. ಒಂದು ಮಾತು ಹೇಳಲೇಬೇಕು: ಅದು ಒಳ್ಳೆಯ ಸಿನಿಮಾ. ನಾಟಕದಲ್ಲಿ ರಾಜ ಸತ್ತಾಗ ಜನ ಅಳುತ್ತಾರೆ. ಇಲ್ಲಿ ಆ ಅಪ್ಪನನ್ನು ಕಂಡು ಪಕ್ಕದವನೊಬ್ಬ ತನ್ನ ಸ್ನೇಹಿತನಿಗೆ, "ಲೇ, ಇವ್ನು ನಮ್ಮೂರಲ್ಲೂ ಅವ್ನೆ ಕಣ್ಲಾ," ಎಂದ. ಅಕ್ಕ ನನ್ನ ಕಿವಿಯಲ್ಲಿ, "ಇಷ್ಟ್ ದಿನ ರಾಜನ್ನ ಕಂಡ್ರೆ ಅಯ್ಯೋ ಪಾಪ ಅಂತಿದ್ವಿ. ಈ ಹುಡುಗ ಆ ಪಾಪ ಅನ್ನೋದನ್ನ ಕಿತ್ತಾಕವ್ನೆ. ಒಳ್ಳೇದೇ ಮಾಡ್ದ," ಎಂದರು. ಅವರ ಮುಖ ಬೆಳಗಿತ್ತು.

ಕೊನೆಯ ದೃಶ್ಯ ಬಂತು. ಪರದೆಯ ಮೇಲೆ ಅಕ್ಕ ಓಡಿ ಬಂದರು. ಶಟರಿನ ಮುಂದೆ ನಿಂತರು. ಬಾಯಿ ತೆರೆದರು, ತಡೆದರು, ಅಂಗೈಯನ್ನು ತಗಡಿಗೆ ಮುಟ್ಟಿಸಿ ತಲೆ ಬಗ್ಗಿಸಿದರು. ಸದ್ದಿಲ್ಲ. ಸಿನಿಮಾ ಮುಗಿಯಿತು.

ಜನ ಎದ್ದು ಚಪ್ಪಾಳೆ ತಟ್ಟಿದರು. ಅಕ್ಕ ಏಳಲಿಲ್ಲ. "ಅದು ತಾಲೀಮು ಕಣೋ," ಎಂದರು. ಟಾಕೀಸು ಖಾಲಿಯಾದ ಮೇಲೂ, ಕಸ ಗುಡಿಸುವವಳು ಬಂದ ಮೇಲೂ ಅದೇ ಮಾತು. "ತಾಲೀಮು ಹಾಕವ್ರೆ ಕಣೋ. ನಾನು ಕರೆದೇ ಇಲ್ಲ."

ಅಲ್ಲಿಯೇ ಮೆಟ್ಟಿಲ ಮೇಲೆ ಕೂತು ನಿರ್ದೇಶಕನಿಗೆ ಫೋನು ಹಚ್ಚಿಸಿದರು. ಅವನ ದನಿ ನನಗೂ ಕೇಳುತ್ತಿತ್ತು.

"ಅಮ್ಮ, ಎಲ್ಲರೂ ಅದೇ ದೃಶ್ಯದ ಬಗ್ಗೆ ಮಾತಾಡ್ತಿದ್ದಾರೆ. ಆ ಮೌನವೇ ಸಿನಿಮಾದ ಪ್ರಾಣ."

"ಕರೀದೇ ನಿಂತ್ಕಳೋ ತಾಯಿ ಯಾವಳಪ್ಪಾ? ನಾನು ಅಷ್ಟು ಸಲ ಕರೆದ್ನಲ್ಲ, ಅದೆಲ್ಲ ಏನಾಯ್ತು?"

ಅವನು, "ಅದೆಲ್ಲ ತುಂಬ ಚೆನ್ನಾಗಿತ್ತಮ್ಮ. ಆದರೆ... ನಾಟಕ ಅನ್ನಿಸ್ತಿತ್ತು," ಎಂದ.

ಅಕ್ಕ ಜೀವನವಿಡೀ ಮಾಡಿದ ಕೆಲಸದ ಹೆಸರನ್ನೇ ಅವನು ಅಷ್ಟು ಮೆಲ್ಲಗೆ, ನೋಯಿಸಬಾರದೆಂದು, ಹೇಳಿದ್ದ. "ಆ ತುಂಡಾದ್ರೂ ನಂಗೆ ಕೊಡಪ್ಪ," ಎಂದು ಕೇಳಿದರು. ನೋಡಿ ಹೇಳುತ್ತೇನೆ ಎಂದ. ಕೆಲವು ದಿನ ಬಿಟ್ಟು ಅವನೇ ಫೋನು ಮಾಡಿ, ಬೇಡದ ಶಾಟುಗಳನ್ನೆಲ್ಲ ಅಳಿಸಿಬಿಟ್ಟಿದ್ದಾರೆ ಎಂದು ನಿಜವಾಗಿ ಸಂಕಟಪಟ್ಟುಕೊಂಡ. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಆ ಮೊದಲ ಮ್ಯಾಟಿನಿಯ ಮಾರನೆಯ ದಿನವೇ ಅಕ್ಕ ನನ್ನನ್ನೂ ಕರೆದುಕೊಂಡು ಮತ್ತೆ ತರೀಕೆರೆಗೆ ಹೊರಟಿದ್ದರು. "ಅರಸೀಕೆರೇಲಿ ಈ ಸಿನಿಮಾ ಇಲ್ವಂತೆ. ಅವ್ಳು ನೋಡ್ಬೇಕಂದ್ರೆ ತರೀಕೆರೆಗೋ ಕಡೂರಿಗೋ ಬರ್ಬೇಕು." ಹೆಂಗಸರು ಬರುವ ಬಾಗಿಲನ್ನೇ ನೋಡುತ್ತ ಕೂತರು. ಕೊನೆಯ ದೃಶ್ಯದಲ್ಲಿ, ಪರದೆಯ ಮೇಲಿನ ಅಕ್ಕ ಬಾಯಿ ತೆರೆದು ತಡೆದಾಗ, ನನ್ನ ಪಕ್ಕದ ಅಕ್ಕ ಎದ್ದು ನಿಂತು ಕರೆದರು.

"ಹೇಮಾವಳೀ..."

ಮೈಕಿಲ್ಲದೆ ಊರ ಬಯಲು ತುಂಬುತ್ತಿದ್ದ ಗಂಟಲು ಅದು. ಒಡೆದಿದ್ದರೂ ಟಾಕೀಸು ಅದಕ್ಕೆ ಚಿಕ್ಕದಾಯಿತು. ಎಲ್ಲರೂ ತಿರುಗಿದರು. "ಯಾವಳೇ ಅದು! ಕುಂತ್ಕಳೇ ಮುದ್ಕಿ!" ಎಂದು ಹಿಂದಿನಿಂದ ಒಬ್ಬ. ಇನ್ನೊಬ್ಬ ಶಿಳ್ಳೆ ಹಾಕಿದ. ಅಕ್ಕ ಎರಡನೆಯ ಸಲ ಕರೆದರು, ಮೂರನೆಯ ಸಲ ಕರೆದರು. ಮ್ಯಾನೇಜರ್ ಟಾರ್ಚು ಹಿಡಿದು ಓಡಿ ಬಂದ.

"ಏನಮ್ಮಾ ಇದು, ಹೊರಗ್ ನಡೀರಿ."

"ನಂದೇ ಪಾರ್ಟು ಕಣಪ್ಪಾ. ಅಲ್ ನಿಂತಿರೋಳು ನಾನೇ," ಎಂದು ಅಕ್ಕ ಪರದೆ ತೋರಿಸಿದರು. ಅಷ್ಟರಲ್ಲಿ ಅಲ್ಲಿ ಬರೀ ಹೆಸರುಗಳು ಹೋಗುತ್ತಿದ್ದವು. ಅವನು ಟಾರ್ಚನ್ನು ಅಕ್ಕನ ಮುಖಕ್ಕೆ ಹಿಡಿದು, ಗುರುತು ಹತ್ತಿ, ತಕ್ಷಣ ಕೆಳಗಿಳಿಸಿದ. "ಹೋಗ್ಲಿ ಬನ್ರಮ್ಮಾ," ಎಂದು ತೋಳು ಹಿಡಿದುಕೊಂಡು ಹೊರಗೆ ಕರೆದುಕೊಂಡು ಬಂದ. ಮತ್ತೆ ಹೋದಾಗ ಮಾತ್ರ ಟಿಕೆಟು ಕೊಡಲಿಲ್ಲ. "ಜನ ಕಂಪ್ಲೇಂಟ್ ಮಾಡ್ತವ್ರೆ. ನನ್ ಕೆಲ್ಸ ಹೋಯ್ತದೆ ಕಣಮ್ಮ."

ಆಗ ಕಡೂರಿಗೆ ಹೋದೆವು. ಅಲ್ಲಿ ಅಷ್ಟು ದೊಡ್ಡ ಟಾಕೀಸಿನಲ್ಲಿ ಬೆರಳೆಣಿಕೆಯಷ್ಟು ಜನ. ಅಕ್ಕ ಎದ್ದು ಕರೆದಾಗ ಯಾರೂ ಬೈಯಲಿಲ್ಲ, ಯಾರೂ ತಿರುಗಲೂ ಇಲ್ಲ. ಮುಂದೆ ಕೂತಿದ್ದ ಒಬ್ಬ ಹುಡುಗಿ ಮೊಬೈಲಿನಿಂದ ತಲೆ ಎತ್ತಿ ಮತ್ತೆ ತಗ್ಗಿಸಿದಳು. ತರೀಕೆರೆಯ ಶಿಳ್ಳೆಯೇ ಎಷ್ಟೋ ವಾಸಿಯೆನಿಸಿತು. ಶುಕ್ರವಾರ ಟಾಕೀಸಿನಿಂದ ಆ ಸಿನಿಮಾ ತೆಗೆದುಹಾಕಿದರು.

ಆಮೇಲೆ ಅಕ್ಕ ನಾಟಕಕ್ಕೆ ಬರಲಿಲ್ಲ. ಗಂಟಲು ಹೋಗಿತ್ತು ಎನ್ನುವುದು ನಿಜ. ಆದರೆ ಅದೊಂದೇ ಅಲ್ಲ. ಊರೂರಿನ ನಾಟಕ ಸಂಘದವರು ಬಂದು ಕರೆದರೆ, "ಕಟ್ಟಳೆ ಮುರಿದೋಳು ನಾನು. ಇನ್ನು ಆ ಹಗೇವಿನ ಮುಂದೆ ನಿಂತ್ರೆ ನಂಗೆ ಭಯ," ಎನ್ನುತ್ತಿದ್ದರು. ಹೇಮಿಗೆ ಏನಾದರೂ ತಟ್ಟಿರಬಹುದೇ ಎಂದು ದಿನಾ ಕೇಳುತ್ತಿದ್ದರು. ಚಿಕ್ಕಮ್ಮನಿಗೆ ಫೋನು ಮಾಡಿ, ಚೆನ್ನಾಗಿದ್ದಾಳೆ ಎಂದು ತಿಳಿದು ಹೇಳುತ್ತಿದ್ದೆ. ನಂಬಿದ ಹಾಗೆ ತಲೆ ಆಡಿಸುತ್ತಿದ್ದರು. ಅಕ್ಕ ಕಾಯಿಲೆ ಬಿದ್ದ ಸುದ್ದಿಯನ್ನೂ ಚಿಕ್ಕಮ್ಮನ ಮೂಲಕ ಕಳಿಸಿದೆ. ಹೇಮಿ ಬರಲಿಲ್ಲ. ಅಕ್ಕನ ಕೊನೆಯ ದಿನಗಳಲ್ಲಿ ದನಿ ಪೂರಾ ನಿಂತಿತ್ತು. ತುಟಿ ಮಾತ್ರ ಅಲುಗುತ್ತಿತ್ತು. ಮಣ್ಣು ಮಾಡುವಾಗ ಸಂಘದ ಹಳೆಯ ರಾಜರು ನಾಲ್ಕಾರು ಮಂದಿ ಇದ್ದರು. ಪಂಪ್‌ಸೆಟ್ಟಿನವನೇ ತಲೆಯ ಕಡೆ ಹಿಡಿದ.

ತಿಥಿ ಮುಗಿದು ಸ್ವಲ್ಪ ದಿನಕ್ಕೆ ಹೇಮಿ ಬಂದಳು. ಡಾಕ್ಟರ ಹತ್ತಿರ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು. ಕಿವಿಯ ಹತ್ತಿರ ಕೂದಲು ನರೆತಿತ್ತು. ಅಕ್ಕನ ಮನೆಯ ಬೀಗ ತೆಗೆದುಕೊಟ್ಟೆ. ಒಳಗೆ ಹೋಗದೆ ಹೊಸ್ತಿಲ ಮೇಲೆ ಕೂತಳು.

"ಮಾಮಾ, ನಾನು ಆ ಸಿನಿಮಾ ನೋಡಿದೆ," ಎಂದಳು. "ಮೊಬೈಲಲ್ಲಿ ಬಂತಲ್ಲ, ಆಗ. ಅಡುಗೆಮನೆ ಬಾಗಿಲು ಹಾಕ್ಕೊಂಡು, ಕಿವಿಗೆ ಇಟ್ಕೊಂಡು ನೋಡಿದೆ. ಈಗ ಕರೀತಾಳೆ, ಈಗ ಕರೀತಾಳೆ ಅಂತ ಕಾದೆ. ಬಾಯಿ ತೆಗೆದ್ಳು, ಕರೀಲಿಲ್ಲ. ಎಲ್ಲ ಸಲ ಕರೆಯೋಳು ಇಲ್ಲಿ ಕರೀಲಿಲ್ಲ ಅಂದ್ರೆ ನಂಗೇ ಹೇಳ್ತಿರೋದು ಅಂದ್ಕೊಂಡೆ. ಇನ್ನೂ ಸಿಟ್ಟು ಹೋಗಿಲ್ಲ, ಬರಬ್ಯಾಡ ಅಂತವ್ಳೆ ಅಂತ. ಅದಕ್ಕೇ ಹುಷಾರಿಲ್ಲ ಅಂದಾಗ್ಲೂ..."

ನಾನೇ ಹೇಳಬೇಕಾಯಿತು. "ಅದು ತಾಲೀಮು ಕಣವ್ವಾ."

ಬೇರೆ ಯಾರಿಗಾದರೂ ಆಗಿದ್ದರೆ ಬಿಡಿಸಿ ಹೇಳಬೇಕಿತ್ತು. ಅವಳು ಟ್ರಂಕಿನ ಮೇಲೆ ಬೆಳೆದವಳು. "ತಾಲೀಮಾ?" ಎಂದಳು. ಬಲಗೈ ತಾನಾಗಿ ಮೇಲೆದ್ದು, ತಾಯಿ ಶಟರಿಗೆ ಮುಟ್ಟಿಸಿದ ಹಾಗೆ, ಬಾಗಿಲಿಗೆ ತಾಗಿ ನಿಂತಿತು. ನಾನು ತರೀಕೆರೆಯದನ್ನು ಹೇಳಿದೆ, ಕಡೂರಿನದನ್ನು ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು.

ಮಧ್ಯಾಹ್ನದ ರೈಲಿಗೆ ಬಿಡಲು ಸ್ಟೇಷನ್ನಿಗೆ ಹೋದೆ. ರೈಲು ಬಂದು ನಿಂತಿತು. ಅವಳು ಹತ್ತಲಿಲ್ಲ.

"ಆ ಮನೇಲಿ ನಾನು ಸುಮಾ. ಚಿಕ್ಕಮ್ಮನೂ ಹಂಗೇ ಕರೆಯೋದು. ಇನ್ಮೇಲೆ ನನ್ನ ಆ ಹೆಸರು ಹಿಡಿದು ಕರೆಯೋರು ಯಾರೂ ಇಲ್ಲ ಮಾಮಾ. ನೀನು ಒಂದ್ಸಲ ಕರಿ. ಅಮ್ಮ ಕರೆದಂಗೆ."

ನಾನು ಪರದೆಯ ಹಿಂದಿನವನು. ನನ್ನ ದನಿಯನ್ನು ಜನರ ಮುಂದೆ ಎಂದೂ ಎತ್ತಿದವನಲ್ಲ. ಅವಳು ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕಾಯುತ್ತಿದ್ದಳು. ಕರೆದೆ. ಕಾಫಿ ಮಾರುವವನು ತಿರುಗಿ ನೋಡಿದ. ಎರಡನೆಯ ಸಲ ಕರೆದೆ, ಊಟಕ್ಕೆ ಕರೆಯುವ ಹಾಗೆ. ರೈಲು ಮೆಲ್ಲಗೆ ಅಲುಗಿತು. ಅವಳು ಬಾಗಿಲ ಕಂಬಿ ಹಿಡಿದು ಹತ್ತಿ, ನನ್ನ ಕಡೆಯೇ ನೋಡುತ್ತ ನಿಂತಳು. ಇನ್ನೊಂದಕ್ಕೆ ಕಾಯುತ್ತಿದ್ದಳು.

ಮೂರನೆಯದಕ್ಕೆ ಪರದೆ ಬೀಳುತ್ತದೆ. ನಾನು ಕರೆಯಲಿಲ್ಲ.